ಗವಿ ಉಳಿಸಲು ಹೊರಟಿದ್ದೀರಾ? ಮೊದಲು ಹೊರಗೆ ನಿಲ್ಲಿ

ಶಿವರಾತ್ರಿ ಜಾತ್ರೆ ಮುಗಿದ ಮೇಲೆ ಶಿರಸಿ, ಕುಮಟಾ ಕಡೆ ಪ್ರತಿ ವರ್ಷ ಒಂದು ಮಾತು ಏಳುತ್ತದೆ. ಯಾಣದಲ್ಲಿ ಪ್ಲಾಸ್ಟಿಕ್ ಬಿದ್ದಿದೆ, ಯಾವುದೋ ಗವಿಯ ಗೋಡೆ ಮೇಲೆ ಯಾರೋ ಹೆಸರು ಕೆತ್ತಿದ್ದಾರೆ, ಒಂದು ಭಾನುವಾರ ಎಲ್ಲ ಸೇರಿ ಹೋಗಿ ಕ್ಲೀನ್ ಮಾಡಿ ಬರೋಣ. ಮನಸ್ಸು ಒಳ್ಳೆಯದೇ. ಆದರೆ ಮೂವತ್ತು ಜನ ಪೊರಕೆ, ಗೋಣಿಚೀಲ, ಬ್ಲೂಟೂತ್ ಸ್ಪೀಕರ್ ಹಿಡಿದು ಒಳಗೆ ನುಗ್ಗಿದರೆ, ಜಾತ್ರೆಯಲ್ಲಿ ಆಗದ ಹಾನಿ ಆ ಒಂದೇ ಭಾನುವಾರ ಆಗಿಬಿಡಬಹುದು.

ಈ ಕೆಲಸದ ಮುಕ್ಕಾಲು ಪಾಲು ಇರುವುದು ಗವಿಯ ಹೊರಗೆ. ಬಾಯಿಯ ಹತ್ತಿರ ನಿಲ್ಲುವುದು, ಬಂದವರ ಹತ್ತಿರ ಮಾತಾಡುವುದು, ಮೇಲಿನ ಗುಡ್ಡ ನೋಡಿಕೊಳ್ಳುವುದು, ನೋಡಿದ್ದನ್ನು ಬರೆದಿಡುವುದು. ಒಳಗೆ ಹೋಗುವುದು ಕೊನೆಯದು, ಅದೂ ನಾಲ್ಕೈದು ಜನಕ್ಕೆ ಮಾತ್ರ. 

ಯಾವ ಗವಿ, ಎಂಥ ಗವಿ

ಮೊದಲು ನಿಮ್ಮ ಗವಿ ಯಾವ ಜಾತಿಯದು ಅಂತ ತಿಳಿದುಕೊಳ್ಳಿ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಎಲ್ಲವೂ ಒಂದೇ ತರಹ ಇಲ್ಲ.

ಯಾಣದ್ದು ಕಪ್ಪು ಸುಣ್ಣದ ಕಲ್ಲು. ಭೈರವೇಶ್ವರ ಶಿಖರ ಸುಮಾರು 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಭೈರವೇಶ್ವರನ ಲಿಂಗದ ಮೇಲೆ ನೀರು ತೊಟ್ಟಿಕ್ಕುತ್ತದೆ, ಹಿಂದೆ ಬಂಡೆಯ ಸೀಳಿನೊಳಗೆ ಹೊಕ್ಕು ತಲೆ ಎತ್ತಿದರೆ ಆಕಾಶ ಕಾಣುತ್ತದೆ. ಬೆಳಕು, ಗಾಳಿ ಎರಡೂ ಬರುತ್ತವೆ. ಇಲ್ಲಿಯ ದೊಡ್ಡ ತೊಂದರೆ ಜನ, ಕಸ ಮತ್ತು ಶಬ್ದ. 'ಸೊಕ್ಕಿದ್ದವ ಯಾಣಕ್ಕೆ ಹೋಗುತ್ತಾನೆ, ರೊಕ್ಕ ಇದ್ದವ ಗೋಕರ್ಣಕ್ಕೆ ಹೋಗುತ್ತಾನೆ' ಅಂತ ಹಿಂದಿನವರು ಹೇಳುತ್ತಿದ್ದುದು ದಾರಿ ಅಷ್ಟು ಕಷ್ಟದ್ದು ಅಂತ. ಈಗ ಹತ್ತಿರದವರೆಗೂ ಕಾರು ಹೋಗುತ್ತದೆ, ಸೊಕ್ಕು ಬೇಕಾಗಿಲ್ಲ.

ದಾಂಡೇಲಿ ಕಡೆಯ ಕವಳಾ ಗವಿ ಬೇರೆಯೇ. ಒಳಗೆ ಕತ್ತಲು, ಬಾವಲಿ, ನೀರು ತೊಟ್ಟಿಕ್ಕಿ ತಾನಾಗಿ ಬೆಳೆದ ಲಿಂಗ. ಅದು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳಗಿದೆ. ಜೋಯಿಡಾ ತಾಲ್ಲೂಕಿನ ಉಳವಿಯಲ್ಲಿ ಮಹಾಮನೆ ಗವಿ, ಆಕಳ ಗವಿ ಇವೆ, 12ನೇ ಶತಮಾನದಲ್ಲಿ ಕಲ್ಯಾಣದಿಂದ ಚನ್ನಬಸವಣ್ಣನ ಜೊತೆ ಬಂದ ಶರಣರ ನೆನಪು ಅವಕ್ಕೆ ಅಂಟಿಕೊಂಡಿದೆ. ಅಲ್ಲಿ ಕಲ್ಲಿನಷ್ಟೇ ಜನರ ಭಕ್ತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇನ್ನು ಕರಾವಳಿಯ ಚಿರೇಕಲ್ಲಿನ (ಜಂಬಿಟ್ಟಿಗೆಯ) ಗುಡ್ಡಗಳಲ್ಲಿ ಸಣ್ಣ ಪೊಟರೆ, ಸುರಂಗ ಸಿಗುತ್ತವೆ. ಚಿರೇಕಲ್ಲು ಮೆತ್ತಗಿನದು, ಮಳೆಗಾಲದಲ್ಲಿ ಕುಸಿಯುತ್ತದೆ. ಅಂಥದ್ದರೊಳಗೆ ಸ್ವಯಂಸೇವಕರು ಹೋಗಲೇಬಾರದು. ಬಾಯಿಯಿಂದ ನೋಡಿ, ಬರೆದುಕೊಂಡು ಬನ್ನಿ, ಸಾಕು.

ಸುಣ್ಣದ ಕಲ್ಲಿನ ಗವಿಯಲ್ಲಿ ಮುಟ್ಟಬಾರದು ಅನ್ನುವುದಕ್ಕೆ ಕಾರಣ ಗೊತ್ತಿರಲಿ, ಯಾಕೆಂದರೆ ನಿಮ್ಮನ್ನು ಜನ ಕೇಳುವ ಮೊದಲ ಪ್ರಶ್ನೆಯೇ ಅದು. ಮಳೆನೀರು ಕಾಡಿನ ಮಣ್ಣಲ್ಲಿ ಇಳಿಯುವಾಗ ಬೇರು, ಕೊಳೆತ ಎಲೆ ಬಿಡುವ ಕಾರ್ಬನ್ ಡೈಆಕ್ಸೈಡನ್ನು ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಆ ಹುಳಿ ನೀರು ಸುಣ್ಣದ ಕಲ್ಲನ್ನು ಕರಗಿಸಿಕೊಂಡು ಕೆಳಗೆ ಬರುತ್ತದೆ. ಗವಿಯ ಗಾಳಿಗೆ ತಾಗಿದಾಗ ಗ್ಯಾಸ್ ಹಾರಿಹೋಗುತ್ತದೆ, ಸುಣ್ಣದ ಅಂಶ ಅಲ್ಲೇ ಉಳಿದು ತೊಟ್ಟು ತೊಟ್ಟಾಗಿ ಕಲ್ಲಾಗುತ್ತದೆ. ಎಷ್ಟೋ ಕಡೆ ಇದು ವರ್ಷಕ್ಕೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗವೂ ಬೆಳೆಯುವುದಿಲ್ಲ. ನಮ್ಮ ಕೈಯ ಎಣ್ಣೆ, ಬೆವರು ತಾಗಿದರೆ ಆ ಜಾಗದಲ್ಲಿ ಹೊಸ ಪದರ ಸರಿಯಾಗಿ ಕೂರುವುದಿಲ್ಲ, ಕಲ್ಲು ಕಪ್ಪಾಗುತ್ತದೆ. ಒಬ್ಬರು ಮುಟ್ಟಿದರೆ ಏನಾಗುತ್ತದೆ ಅಂತ ಕೇಳುತ್ತಾರೆ. ಮುಟ್ಟುವವರು ಒಬ್ಬರೇ ಅಲ್ವಲ್ಲ!

ಅನುಮತಿ ಇಲ್ಲದೆ ಒಂದು ಹೆಜ್ಜೆಯೂ ಬೇಡ

ನಮ್ಮ ಜಿಲ್ಲೆಯ ಗವಿಗಳಲ್ಲಿ ಜಾಸ್ತಿ ಅರಣ್ಯ ಇಲಾಖೆಯ ಜಾಗದಲ್ಲಿವೆ. ಇಲಾಖೆಯ ಕೆನರಾ ವೃತ್ತದಲ್ಲಿ ಶಿರಸಿ, ಯಲ್ಲಾಪುರ, ಹಳಿಯಾಳ, ಕಾರವಾರ, ಹೊನ್ನಾವರ ಅಂತ ಐದು ವಿಭಾಗ ಇವೆ, ಅವುಗಳ ಗಡಿ ತಾಲ್ಲೂಕಿನ ಗಡಿಯ ಹಾಗೆ ಇರಬೇಕೆಂದೇನಿಲ್ಲ. ಆದ್ದರಿಂದ ನಿಮ್ಮ ಗವಿ ಯಾವ ವಲಯಕ್ಕೆ ಸೇರಿದ್ದು ಅಂತ ಮೊದಲು ಕೇಳಿ, ಆ ವಲಯ ಅರಣ್ಯಾಧಿಕಾರಿಗೆ ಬರವಣಿಗೆಯಲ್ಲಿ ಅರ್ಜಿ ಕೊಡಿ. ಯಾರು ಬರುತ್ತಾರೆ, ಯಾವ ದಿನ, ಏನು ಮಾಡುತ್ತೀರಿ, ಏನು ಮಾಡುವುದಿಲ್ಲ, ಇಷ್ಟು ಒಂದು ಪುಟದಲ್ಲಿ ಇದ್ದರೆ ಸಾಕು. 'ಏನು ಮಾಡುವುದಿಲ್ಲ' ಅನ್ನುವ ಸಾಲನ್ನು ಬಿಡಬೇಡಿ. ಅದನ್ನು ಓದಿದ ಮೇಲೆ ಅಧಿಕಾರಿಗಳ ಮಾತಿನ ಧಾಟಿಯೇ ಬದಲಾಗುತ್ತದೆ.

ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಕಾನೂನು ಇನ್ನೂ ಬಿಗಿ. 2007ರಲ್ಲಿ ಅಣಶಿ-ದಾಂಡೇಲಿ ಅಂತ ಘೋಷಣೆಯಾಗಿ, 2015ರಲ್ಲಿ ಕಾಳಿ ಅಂತ ಹೆಸರು ಬದಲಾದ ಜಾಗ ಅದು. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಒಳಗೆ ಹೋಗುವುದೇ ಅಪರಾಧ. ಸ್ವಚ್ಛತೆಗೆ ಬಂದಿದ್ದೇವೆ ಅಂದರೆ ಮಾಫಿ ಇಲ್ಲ.

ಇಲಾಖೆಯ ಕಾಗದ ಸಿಕ್ಕಿತು ಅಂತ ಸೀದಾ ಹೋಗಬೇಡಿ. ಊರಿನ ಗ್ರಾಮ ಅರಣ್ಯ ಸಮಿತಿ ಇರುತ್ತದೆ, ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರುತ್ತದೆ. 2002ರ ಜೀವವೈವಿಧ್ಯ ಕಾಯ್ದೆಯಲ್ಲಿ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಈ ಸಮಿತಿ ಇರಬೇಕು ಅಂತಿದೆ. ಕೆಲವು ಕಡೆ ಅದು ಕಾಗದದ ಮೇಲೆ ಮಾತ್ರ, ಆದರೂ ಅಧ್ಯಕ್ಷರಿಗೆ ಒಂದು ಮಾತು ಹೇಳಿ. ಪೂಜೆ ನಡೆಯುವ ಗವಿಯಾದರೆ ಅರ್ಚಕರನ್ನು ಮೊದಲು ಕಾಣಬೇಕು. 'ಭಟ್ರೇ, ಹೀಗೊಂದು ಯೋಚನೆ ಇದೆ, ನೀವು ಹೇಗೆ ಹೇಳುತ್ತೀರೋ ಹಾಗೆ' ಅಂತ ಶುರುಮಾಡಿ. ಕರ್ಪೂರ, ಎಣ್ಣೆ ದೀಪ, ಊದುಬತ್ತಿಯ ಹೊಗೆ ಒಳಗಿನ ಕಲ್ಲಿಗೆ ಮಸಿ ಹಿಡಿಸುತ್ತದೆ. ಇದನ್ನು ನೀವು ಭಕ್ತರಿಗೆ ಹೇಳಿದರೆ ಜಗಳ ಆಗುತ್ತದೆ. ಭಟ್ಟರೇ 'ದೀಪ ಹೊರಗಿನ ಕಟ್ಟೆಯಲ್ಲಿ ಇಡಿ' ಅಂದರೆ ಯಾರೂ ಎರಡನೇ ಮಾತು ಆಡುವುದಿಲ್ಲ. ಜೋಯಿಡಾ ಕಡೆಯಾದರೆ ಕುಣಬಿ, ಗೌಳಿ ಊರುಗಳ ಹಿರಿಯರಿಗೆ ಕಾಡಿನ ದಾರಿ ನಮಗಿಂತ ಚೆನ್ನಾಗಿ ಗೊತ್ತು. ಅವರನ್ನು ದಾರಿ ತೋರಿಸುವುದಕ್ಕೆ ಮಾತ್ರ ಕರೆದು, ಫೋಟೋಗೆ ನಿಲ್ಲುವಾಗ ಪಕ್ಕಕ್ಕೆ ಸರಿಸುವ ಕೆಲಸ ಮಾಡಬೇಡಿ. ದಿನದ ಕೂಲಿ ಕೊಡಿ, ನಿರ್ಧಾರದಲ್ಲೂ ಸೇರಿಸಿಕೊಳ್ಳಿ.

ಯಾವ ತಿಂಗಳು

ಜೂನ್‌ನಿಂದ ಸೆಪ್ಟೆಂಬರ್ ಬಿಟ್ಟೇಬಿಡಿ. ಘಟ್ಟದ ಮಳೆ ಗೊತ್ತಲ್ಲ, ಮೇಲೆಲ್ಲೋ ಹೊಡೆದ ಮಳೆ ಕೆಳಗಿನ ಗವಿಗೆ ಸ್ವಲ್ಪ ಹೊತ್ತಿನ ಮೇಲೆ ಬರುತ್ತದೆ. 2018ರಲ್ಲಿ ಥಾಯ್ಲೆಂಡಿನ ಥಾಮ್ ಲುವಾಂಗ್ ಗವಿಯಲ್ಲಿ ಫುಟ್‌ಬಾಲ್ ಹುಡುಗರು ಸಿಕ್ಕಿಹಾಕಿಕೊಂಡಿದ್ದೂ ಹಾಗೇ, ಒಳಗೆ ಹೋಗುವಾಗ ದಾರಿ ಇತ್ತು, ಬರುವಾಗ ನೀರು ತುಂಬಿತ್ತು.

ಮಾರ್ಚ್‌ನಿಂದ ಮಳೆ ಹಿಡಿಯುವವರೆಗೂ ಬಾವಲಿ ಇರುವ ಗವಿ ಬೇಡ. ನಮ್ಮ ಕಡೆಯ ಬಹಳಷ್ಟು ಬಾವಲಿಗಳು ಮರಿ ಹಾಕುವುದು ಬೇಸಿಗೆ ಮತ್ತು ಮಳೆಗಾಲದ ಶುರುವಿನಲ್ಲಿ. ಗಲಾಟೆಗೆ ತಾಯಿ ಗಾಬರಿಯಿಂದ ಹಾರಿದರೆ ಮರಿ ಕೆಳಗೆ ಬೀಳುತ್ತದೆ, ಬಿದ್ದ ಮರಿ ಉಳಿಯುವುದು ಕಷ್ಟ.

ಇನ್ನೊಂದು ನಮ್ಮದೇ ಸಮಸ್ಯೆ. ಮಂಗನ ಕಾಯಿಲೆಯ ಕಾಲ ಡಿಸೆಂಬರ್‌ನಿಂದ ಮೇವರೆಗೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಕಾಯಿಲೆ ಸಿದ್ದಾಪುರ, ಶಿರಸಿ ಕಡೆಯವರಿಗೆ ಹೊಸದಲ್ಲ. ಉಣುಗಿನಿಂದ ಬರುತ್ತದೆ. ಕಾಡಿಗೆ ಹೋಗುವ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೊಡುವ, ಉಣುಗನ್ನು ದೂರ ಇಡುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ, ಪ್ಯಾಂಟಿನ ತುದಿಯನ್ನು ಸಾಕ್ಸ್ ಒಳಗೆ ಸೇರಿಸಿ, ದರಕಿನ (ಉದುರಿದ ಒಣ ಎಲೆಯ) ಮೇಲೆ ಕೂರಬೇಡಿ, ಮನೆಗೆ ಬಂದ ಕೂಡಲೇ ಬಿಸಿನೀರಲ್ಲಿ ಮೈ ತೊಳೆದು ಬಟ್ಟೆ ನೆನೆಹಾಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ. ಒಂದೆರಡು ವಾರದೊಳಗೆ ಜ್ವರ ಬಂದರೆ ಡಾಕ್ಟರಿಗೆ 'ಕಾಡಿಗೆ ಹೋಗಿದ್ದೆ' ಅಂತ ಮೊದಲೇ ಹೇಳಿ.

ಇಷ್ಟನ್ನೂ ಕೂಡಿಸಿ ಕಳೆದರೆ ಒಳಗಿನ ಕೆಲಸಕ್ಕೆ ಉಳಿಯುವುದು ಅಕ್ಟೋಬರ್, ನವೆಂಬರ್. ಅಡಿಕೆ ಕೊಯ್ಲು ಶುರುವಾಗುವ ಹೊತ್ತು, ಅರ್ಧ ಹುಡುಗರು ಸಿಗುವುದಿಲ್ಲ. ಪರವಾಗಿಲ್ಲ, ಒಳಗೆ ಬೇಕಾದವರೇ ನಾಲ್ಕು ಜನ.

ಒಳಗೆ ಹೋಗುವ ನಾಲ್ವರು

ಮೂರಕ್ಕಿಂತ ಕಡಿಮೆ ಬೇಡ, ಆರಕ್ಕಿಂತ ಜಾಸ್ತಿ ಬೇಡ. ಒಬ್ಬರಿಗೆ ಏನಾದರೂ ಆದರೆ ಒಬ್ಬರು ಜೊತೆಗಿರಬೇಕು, ಇಬ್ಬರು ಹೊರಗೆ ಬರಬೇಕು, ಅದಕ್ಕೇ ನಾಲ್ಕು ಒಳ್ಳೆಯ ಸಂಖ್ಯೆ. ತಲೆಗೆ ಹೆಲ್ಮೆಟ್, ಹೆಲ್ಮೆಟ್ಟಿಗೆ ದೀಪ, ಕಿಸೆಯಲ್ಲಿ ಇನ್ನೆರಡು ದೀಪ. ಮೊಬೈಲ್ ಟಾರ್ಚ್ ಲೆಕ್ಕಕ್ಕಿಲ್ಲ. ಬಾವಲಿ ಹಿಕ್ಕೆ ಒಣಗಿದ ಕಡೆ ಧೂಳಿನಲ್ಲಿ ಶ್ವಾಸಕೋಶಕ್ಕೆ ಕಾಯಿಲೆ ತರುವ ಶಿಲೀಂಧ್ರ ಇರಬಹುದು, ಎನ್-95 ಮಾಸ್ಕ್ ಹಾಕಿ. ಕರ್ಚೀಫು ಕಟ್ಟಿಕೊಂಡರೆ ಪ್ರಯೋಜನ ಇಲ್ಲ. ಬಾವಲಿಯನ್ನು ಮುಟ್ಟಬೇಡಿ. ಕಚ್ಚಿದರೆ, ಪರಚಿದರೆ ಸೋಪು ನೀರಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ.

ಒಳಗೆ ಉಸಿರು ಜೋರಾದರೆ, ತಲೆ ನೋಯತೊಡಗಿದರೆ ಗಾಳಿ ಕೆಟ್ಟಿದೆ ಅಂತ ಅರ್ಥ. ಚರ್ಚೆ ಮಾಡದೆ ಹೊರಗೆ ಬನ್ನಿ.

ಹೊರಗೆ ಒಬ್ಬರು ಕೂತಿರಬೇಕು. ಇಷ್ಟು ಗಂಟೆಗೆ ಬರುತ್ತೇವೆ, ಅದಕ್ಕಿಂತ ಒಂದು ಗಂಟೆ ತಡವಾದರೆ ಇಂಥವರಿಗೆ ಫೋನ್ ಮಾಡಬೇಕು ಅಂತ ಬರೆದುಕೊಡಿ. ನೆಟ್‌ವರ್ಕ್ ಎಲ್ಲಿ ಸಿಗುತ್ತದೆ ಅಂತ ಬೆಳಿಗ್ಗೆಯೇ ನೋಡಿಟ್ಟುಕೊಳ್ಳಿ. ಜೋಯಿಡಾ ಕಡೆ ಅದು ಎರಡು ಗುಡ್ಡ ಆಚೆ ಇರಬಹುದು.

ಯಾಣ, ದಾಂಡೇಲಿ ಕಡೆಯ ಸಿಂಥೇರಿ ಬಂಡೆ ಎರಡೂ ಕಡೆ ಹೆಜ್ಜೇನು ಕಟ್ಟುತ್ತದೆ. ಸೆಂಟು ಹಾಕಿಕೊಂಡು ಹೋಗಬೇಡಿ. ಕಸ ಅಲ್ಲೇ ಸುಡುವ ಐಡಿಯಾ ಯಾರಿಗಾದರೂ ಬಂದರೆ ತಡೆಯಿರಿ, ಹೊಗೆಗೆ ಎದ್ದ ಹೆಜ್ಜೇನು ಯಾರನ್ನೂ ಬಿಡುವುದಿಲ್ಲ.

ಕ್ಲೀನ್ ಮಾಡುವುದು ಅಂದರೆ

ಎಲ್ಲದಕ್ಕೂ ಮೊದಲು ಫೋಟೋ ತೆಗೆಯಿರಿ. ಆಮೇಲೆ ಜನ ಓಡಾಡಿದ ದಾರಿಯಲ್ಲೇ ನಡೆಯಿರಿ, ಹೊಸ ದಾರಿ ಮಾಡಬೇಡಿ. ಬಾಟಲಿ, ಕವರ್, ಬ್ಯಾಟರಿ, ಹರಿದ ಬಟ್ಟೆ, ಕುಂಕುಮದ ಪ್ಯಾಕೆಟ್ಟು, ಕೊಳೆತ ತೆಂಗಿನಕಾಯಿ, ಇವನ್ನು ಹೆಕ್ಕಿ. ಹೆಕ್ಕುವ ಮೊದಲು ಮೆಲ್ಲಗೆ ಅಲ್ಲಾಡಿಸಿ ನೋಡಿ, ಹಳೇ ಬಾಟಲಿಯಲ್ಲಿ ಹುಳ, ಕಪ್ಪೆ ಮನೆ ಮಾಡಿರುತ್ತವೆ.

ಪೊರಕೆ ಒಳಗೆ ಹೋಗಬಾರದು. ಇದನ್ನು ಒಪ್ಪಿಸುವುದೇ ದೊಡ್ಡ ಕಷ್ಟ, ಯಾಕೆಂದರೆ ನಮಗೆ ಗುಡಿಸಿದರೇ ಕ್ಲೀನ್. ಆದರೆ ಕತ್ತಲೆ ಗವಿಯಲ್ಲಿ ಗಿಡ ಬೆಳೆಯುವುದಿಲ್ಲ, ಅಲ್ಲಿಯ ಹುಳ, ಜೇಡ, ಜಿರಳೆಗಳಿಗೆ ಬಾವಲಿ ಹಿಕ್ಕೆಯೇ ಊಟದ ಮೂಲ. ಅದನ್ನು ಗುಡಿಸಿ ತೆಗೆದರೆ ಇಡೀ ಗವಿ ಉಪವಾಸ. ತೋಟಕ್ಕೆ ಒಳ್ಳೇ ಗೊಬ್ಬರ ಅಂತ ಚೀಲ ತುಂಬಿಸಿಕೊಂಡು ಹೋಗುವವರೂ ಇದ್ದಾರೆ, ಅವರಿಗೆ ಇದನ್ನೇ ಹೇಳಿ.

ಗೋಡೆ ಮೇಲಿನ ಹೆಸರು, ಹೃದಯ, ಬಾಣ ಇವನ್ನೆಲ್ಲ ಕಂಡ ಕೂಡಲೇ ಉಜ್ಜಬೇಡಿ. ಅದರ ಅಡಿಯಲ್ಲಿ ಹಳೆಯ ಬರಹ, ಗೆರೆ ಇದ್ದರೆ? ಫೋಟೋ ತೆಗೆದು ತಿಳಿದವರಿಗೆ ತೋರಿಸಿ, ಇಲಾಖೆ ಹೂಂ ಅಂದ ಮೇಲೆ ಕೈ ಹಾಕಿ. ಆಗಲೂ ಸಾದಾ ನೀರು, ಮೆತ್ತಗಿನ ನೈಲಾನ್ ಬ್ರಷ್ ಅಷ್ಟೇ. ಆಸಿಡ್ ತಾಗಿದರೆ ಸುಣ್ಣದ ಕಲ್ಲು ನೊರೆ ಬಂದು ಕರಗುತ್ತದೆ, ತಂತಿ ಬ್ರಷ್ ಹೊಸ ಗೀರು ಎಳೆಯುತ್ತದೆ, ಸೋಪಿನ ನೀರು ಹರಿದು ಯಾವುದೋ ಒರತೆಗೆ ಸೇರುತ್ತದೆ. ಕೆತ್ತಿದ ಹೆಸರು ಹೋಗುವುದಿಲ್ಲ, ಬಿಟ್ಟುಬಿಡಿ. ನೀರು ತೊಟ್ಟಿಕ್ಕಿ ಬೆಳೆದು, ಮುರಿದು ಬಿದ್ದ ಕಲ್ಲಿನ ಕೋಲನ್ನು ಮನೆಗೆ ತರಬೇಡಿ, ಫೆವಿಕ್ವಿಕ್ ಹಾಕಿ ಅಂಟಿಸಲೂ ಬೇಡಿ.

ಒಳಗೆ ಲೈಟ್ ಹಾಕಿಸಿಕೊಡಿ ಅಂತ ಪಂಚಾಯಿತಿಗೆ ಅರ್ಜಿ ಕೊಡುವವರು ಬೇರೆ ಇರುತ್ತಾರೆ. ಫ್ರಾನ್ಸಿನ ಲಾಸ್ಕೋ ಗವಿಯ ಕಥೆ ಅವರಿಗೆ ಹೇಳಿ. 1940ರಲ್ಲಿ ಸಿಕ್ಕಿತು, 1948ರಲ್ಲಿ ಜನರಿಗೆ ತೆರೆದರು. ಸಾವಿರಾರು ವರ್ಷ ಕೆಡದೆ ಇದ್ದ ಚಿತ್ರಗಳ ಮೇಲೆ ಜನರ ಉಸಿರು ಮತ್ತು ದೀಪದ ಬೆಳಕಿಗೆ ಪಾಚಿ ಹಿಡಿಯಿತು, 1963ರಲ್ಲಿ ಮುಚ್ಚಬೇಕಾಯಿತು. ನಮ್ಮಲ್ಲಿ ಚಿತ್ರ ಇಲ್ಲದಿರಬಹುದು, ಒದ್ದೆ ಕಲ್ಲಿಗೆ ದಿನವಿಡೀ ಬೆಳಕು ಬಿದ್ದರೆ ಪಾಚಿ ಇಲ್ಲೂ ಬರುತ್ತದೆ. ಹಾಗೇ ಬಾಯಿಗೆ ಗೇಟು ಹಾಕಿಸುವ ಆತುರವೂ ಬೇಡ. ಅಮೆರಿಕದಲ್ಲಿ ಬಾವಲಿ ಹಾರಿಹೋಗಲಿ ಅಂತ ಅಡ್ಡ ಸರಳುಗಳ ನಡುವೆ ಆರು ಇಂಚಿಗೆ ಸ್ವಲ್ಪ ಕಡಿಮೆ ಜಾಗ ಬಿಟ್ಟು ಗೇಟು ಮಾಡುತ್ತಾರೆ. ಅದು ಅಲ್ಲಿಯ ಸಣ್ಣ, ಹುಳ ತಿನ್ನುವ ಬಾವಲಿಗಳ ಅಳತೆ. ನಮ್ಮ ಗವಿಯಲ್ಲಿ ಹಣ್ಣು ತಿನ್ನುವ ದೊಡ್ಡ ಬಾವಲಿ ಇದ್ದರೆ ಆ ಅಳತೆ ಆಗುವುದಿಲ್ಲ. ಬಾವಲಿ ತಜ್ಞರು ಬಂದು ನೋಡದೆ ವೆಲ್ಡಿಂಗ್ ಅಂಗಡಿಗೆ ಆರ್ಡರ್ ಕೊಡಬೇಡಿ.

ಬಾವಲಿ ಎಣಿಸುವುದು

ನನಗೆ ಕೇಳಿದರೆ ಸ್ವಯಂಸೇವಕರು ಮಾಡಬಹುದಾದ ಅತ್ಯಂತ ಉಪಯೋಗದ ಕೆಲಸ ಇದು, ಒಳಗೆ ಕಾಲಿಡದೆಯೇ ಮಾಡಬಹುದು. ಸೂರ್ಯ ಮುಳುಗುವ ಅರ್ಧ ಗಂಟೆ ಮೊದಲು ಬಾಯಿಯ ಪಕ್ಕಕ್ಕೆ, ಹಾರುವ ದಾರಿಗೆ ಅಡ್ಡವಾಗದಂತೆ, ಆಕಾಶದ ಬೆಳಕು ಹಿಂದೆ ಕಾಣುವ ಹಾಗೆ ಕೂರಿ. ಒಬ್ಬರು ಹೊರಗೆ ಬಂದದ್ದನ್ನು, ಇನ್ನೊಬ್ಬರು ಒಳಗೆ ವಾಪಸ್ ಹೋದದ್ದನ್ನು ಎಣಿಸಿ, ಐದೈದು ನಿಮಿಷಕ್ಕೊಮ್ಮೆ ಬರೆಯಿರಿ. ಜಪ ಎಣಿಸಲು ಬೆರಳಿಗೆ ಹಾಕಿಕೊಳ್ಳುವ ಕೌಂಟರ್ ಇದಕ್ಕೆ ಬಹಳ ಚೆನ್ನಾಗಿ ಆಗುತ್ತದೆ. ಬರೆಯಲು ಬೆಳಕು ಬೇಕಾದರೆ ಟಾರ್ಚಿಗೆ ಕೆಂಪು ಕಾಗದ ಸುತ್ತಿ. ಫ್ಲ್ಯಾಶ್ ಬೇಡ. ಪ್ರತಿ ವರ್ಷ ಅದೇ ತಿಂಗಳು, ಅದೇ ಜಾಗದಲ್ಲಿ ಮಾಡಿ. ಒಂದು ವರ್ಷದ ಸಂಖ್ಯೆಯಿಂದ ಏನೂ ಗೊತ್ತಾಗುವುದಿಲ್ಲ, ಐದು ವರ್ಷದ್ದು ಸೇರಿದರೆ ಯಾವ ಇಲಾಖೆಯ ಹತ್ತಿರವೂ ಇಲ್ಲದ ದಾಖಲೆ ಅದು.

ಒಂದು ಗವಿ ಎಷ್ಟು ಮುಖ್ಯ ಆಗಬಹುದು ಅಂತ ನೋಡಲು ಜಾಸ್ತಿ ದೂರ ಹೋಗಬೇಕಾಗಿಲ್ಲ. ಪಕ್ಕದ ಖಾನಾಪುರ ತಾಲ್ಲೂಕಿನ ಬಾರಾಪೇಡೆ ಗವಿಯಲ್ಲಿ ರಾಟನ್ಸ್ ಫ್ರೀ ಟೇಲ್ಡ್ ಅನ್ನುವ ಬಾವಲಿ ಇದೆ. 1913ರಲ್ಲಿ ವಿಜ್ಞಾನಿಗಳು ಹೆಸರಿಟ್ಟ ಮೇಲೆ ಎಷ್ಟೋ ದಶಕ ಇಡೀ ಜಗತ್ತಿನಲ್ಲಿ ಅದು ಗೊತ್ತಿದ್ದದ್ದು ಅದೊಂದೇ ಕಡೆ. ಆಮೇಲೆ ಕಾಂಬೋಡಿಯಾ, ಮೇಘಾಲಯದಲ್ಲಿ ಕಂಡಿತು. ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿ, ಹುಲಿ ಇರುವ ಪಟ್ಟಿಯಲ್ಲೇ, ಅದೂ ಇದೆ. ಆ ಕಾಡನ್ನು 2011ರಲ್ಲಿ ಭೀಮಗಡ ಅಭಯಾರಣ್ಯ ಅಂತ ಘೋಷಿಸಿದರು.

ಶಾಲೆ ಮಕ್ಕಳು, ಜಾತ್ರೆ ಜನ

ಮಕ್ಕಳನ್ನು ಕತ್ತಲೆ ಗವಿಗೆ ಕರೆದುಕೊಂಡು ಹೋಗಬೇಡಿ, ಗವಿಯನ್ನು ಶಾಲೆಗೆ ತನ್ನಿ. ಒಂದು ಚಾಕ್ ತುಂಡಿನ ಮೇಲೆ ನಿಂಬೆರಸ ಬಿಟ್ಟು ನೊರೆ ತೋರಿಸಿದರೆ ಗವಿ ಹೇಗಾಯಿತು ಅಂತ ಅರ್ಧ ಹೇಳಿದ ಹಾಗೆ. ನೊರೆ ಬರದಿದ್ದರೆ ಚಾಕ್ ಜಿಪ್ಸಮ್ಮಿನದು, ಮೊಟ್ಟೆ ಚಿಪ್ಪು ತಗೊಳ್ಳಿ. ಬಾವಲಿ ಬಗ್ಗೆ ಹೇಳುವಾಗ ಅಡಿಕೆ ತೋಟದಿಂದ ಶುರುಮಾಡಿ. ಬಾವಲಿ ಹಣ್ಣಡಿಕೆಯ ಸಿಪ್ಪೆ ಚೀಪಿ ಎಲ್ಲೋ ಮರದಡಿ ಉದುರಿಸಿದ್ದನ್ನು ಹೆಕ್ಕಿ ಮಾರಿದ ಮಕ್ಕಳು ಕ್ಲಾಸಿನಲ್ಲಿ ಇದ್ದೇ ಇರುತ್ತಾರೆ, ಅವರೇ ಪಾಠ ಮುಂದುವರಿಸುತ್ತಾರೆ.

ಜಾತ್ರೆಯ ದಿನ ಬಾಯಿಯ ಹತ್ತಿರ ಇಬ್ಬಿಬ್ಬರು ಸರದಿಯಲ್ಲಿ ನಿಲ್ಲಿ. ಸೀಟಿ ಊದಬೇಡಿ, ಗದರಬೇಡಿ. 'ಅಕ್ಕಾ, ಈ ಕಲ್ಲು ಇನ್ನೂ ಬೆಳೆಯುತ್ತಾ ಇದೆ, ಕೈ ತಾಗಿದರೆ ನಿಂತುಹೋಗುತ್ತದೆ' ಅಂದರೆ ಹೆಚ್ಚಿನವರು ಕೈ ಹಿಂದೆ ತೆಗೆದುಕೊಳ್ಳುತ್ತಾರೆ. 'ಮುಟ್ಟಬೇಡಿ, ದಂಡ' ಅಂತ ಬೋರ್ಡ್ ಹಾಕಿದರೆ ಅದಕ್ಕೆ ಒರಗಿಯೇ ಸೆಲ್ಫಿ ತೆಗೆಯುತ್ತಾರೆ. ಬೋರ್ಡ್ ಹಾಕುವುದೇ ಆದರೆ ಬಂಡೆಗೆ ಮೊಳೆ ಹೊಡೆಯದೆ, ದಾರಿ ಶುರುವಾಗುವ ಕಡೆ ಹಾಕಿ. ಗೋವಾ, ಬೆಳಗಾವಿ ಕಡೆಯಿಂದ ಬರುವವರು ಜಾಸ್ತಿ, ಕನ್ನಡದ ಜೊತೆ ಕೊಂಕಣಿ, ಮರಾಠಿಯಲ್ಲೂ ಎರಡು ಸಾಲು ಇರಲಿ.

ಮೇಲಿನ ಗುಡ್ಡ

ಗವಿಯ ಮಾಡು ಅಂದರೆ ಮೇಲಿನ ಕಾಡು. ಅದನ್ನು ಕಡಿದರೆ ಕೆಳಗೆ ತೊಟ್ಟಿಕ್ಕುವ ನೀರೂ ಬದಲಾಗುತ್ತದೆ. ನಮ್ಮಲ್ಲಿ ಅದು ಎಷ್ಟೋ ಸಲ ಯಾರದ್ದೋ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು, ದರಕು ತರುವ ಹಕ್ಕಿರುವ ಕಾಡು) ಆಗಿರುತ್ತದೆ. ಆ ಬೆಟ್ಟದ ಹಕ್ಕುದಾರರನ್ನು ಕಂಡು ಮಾತಾಡಿ. ಸೊಪ್ಪು ಕಡಿಯಬೇಡಿ ಅಂತ ಹೇಳಲು ಹೋಗಬೇಡಿ, ಅದು ಅವರ ಹಕ್ಕು. ಗವಿಯ ನೆತ್ತಿಯ ಸುತ್ತ ಸ್ವಲ್ಪ ಜಾಗದಲ್ಲಿ ದರಕು ಗುಡಿಸದೆ ಬಿಡಿ, ದೊಡ್ಡ ಮರ ಉಳಿಸಿ ಅಂತ ಕೇಳಬಹುದು. ಇನ್ನೊಂದು, ನೆಲ ಕುಸಿದ ಕುಳಿ, ನೀರು ಇಂಗುವ ತೂತು ಇದ್ದರೆ ಅದಕ್ಕೆ ಕಸ ತುಂಬಬಾರದು, ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ಮೇಲೆ ಬ್ಯಾರಲ್ ತೊಳೆದ ನೀರನ್ನೂ ಬಿಡಬಾರದು. ಸುಣ್ಣದ ಕಲ್ಲಿನ ಸೀಳು ನೀರನ್ನು ಸೋಸುವುದಿಲ್ಲ. ಮೇಲೆ ಸುರಿದದ್ದು ಹಾಗೇ ಕೆಳಗಿನ ಗವಿಗೆ, ಅಲ್ಲಿಂದ ಯಾರದ್ದೋ ಮನೆಯ ಅಬ್ಬಿ ನೀರಿಗೆ, ಅಂದರೆ ಗುಡ್ಡದ ಒರತೆಯಿಂದ ಮನೆಗೆ ಹರಿಸಿಕೊಂಡ ನೀರಿಗೆ, ಹೋಗುತ್ತದೆ. ಅಬ್ಬಿ ನೀರಿನ ಮಾತು ಬಂದರೆ ಹೆಗಡೇರೂ ಕೇಳುತ್ತಾರೆ, ಗೌಡ್ರೂ ಕೇಳುತ್ತಾರೆ.

ಬರೆದಿಡುವುದು

ಒಂದು ಉದ್ದದ ರಿಜಿಸ್ಟರ್ ಪುಸ್ತಕ ಇಡಿ. ತಾರೀಖು, ಹೋದವರ ಹೆಸರು, ಒಳಗಿದ್ದ ಹೊತ್ತು, ಕಂಡ ಹೊಸ ಹಾನಿ, ತೆಗೆದ ಕಸ ಎಷ್ಟು ಚೀಲ, ಬಾವಲಿ ಎಣಿಕೆ. ಪ್ರತಿ ಸಲ ಅದೇ ಐದಾರು ಜಾಗದಲ್ಲಿ ನಿಂತು ಅದೇ ದಿಕ್ಕಿಗೆ ಫೋಟೋ ತೆಗೆಯಿರಿ, ಇಲ್ಲದಿದ್ದರೆ ಹೋಲಿಸಲು ಆಗುವುದಿಲ್ಲ. ಟೇಪು, ದಿಕ್ಸೂಚಿ ಹಿಡಿದು ಸಣ್ಣ ನಕ್ಷೆ ಮಾಡಿದರೆ ಇನ್ನೂ ಒಳ್ಳೆಯದು. ಆದರೆ ಹೊರಗಿನವರಿಗೆ ಗೊತ್ತಿಲ್ಲದ ಗವಿಯ ಜಾಗವನ್ನು ಗೂಗಲ್ ಮ್ಯಾಪಿಗೆ ಹಾಕಬೇಡಿ, ರೀಲ್ಸಿನಲ್ಲಿ ಊರಿನ ಹೆಸರು ಹೇಳಬೇಡಿ. ಒಂದು ಸೀಸನ್ ಸಾಕು, ಗವಿ ಹಾಳಾಗಲು.

ವಾಪಸ್ ಬಂದ ದಿನವೇ ಬೂಟಿನ ಮಣ್ಣು ತೊಳೆದು, ಹಗ್ಗ, ಬಟ್ಟೆ ಒಗೆದು ಬಿಸಿಲಿಗೆ ಹಾಕಿ. ಉತ್ತರ ಅಮೆರಿಕದಲ್ಲಿ 2006ರಿಂದ ಒಂದು ಶಿಲೀಂಧ್ರ ಲಕ್ಷಗಟ್ಟಲೆ ಬಾವಲಿಗಳನ್ನು ಕೊಂದಿದೆ. ಅದು ಜಾಸ್ತಿ ಹರಡುವುದು ಬಾವಲಿಯಿಂದ ಬಾವಲಿಗೇ ಆದರೂ, ಜನರ ಬಟ್ಟೆ, ಬೂಟಿನಲ್ಲೂ ಗವಿಯಿಂದ ಗವಿಗೆ ಹೋಗಬಹುದು ಅಂತ ಅಲ್ಲಿಯ ಎಷ್ಟೋ ಗವಿಗಳಲ್ಲಿ ತೊಳೆಯದೆ ಯಾರನ್ನೂ ಒಳಗೆ ಬಿಡುವುದಿಲ್ಲ. ಒಂದೇ ದಿನ ಎರಡು ಗವಿಗೆ ಹೋಗುವ ಪ್ಲಾನ್ ಇದ್ದರೆ ಈ ಕಾರಣಕ್ಕೇ ಬಿಡಿ.

ವರದಿ ಎರಡು ಪುಟ ಮೀರದಿರಲಿ, ಉದ್ದ ಬರೆದರೆ ಯಾರೂ ಓದುವುದಿಲ್ಲ. ಒಂದು ಪ್ರತಿ ವಲಯ ಅರಣ್ಯಾಧಿಕಾರಿಗೆ, ಒಂದು ಗ್ರಾಮ ಅರಣ್ಯ ಸಮಿತಿಗೆ, ಒಂದು ಪಂಚಾಯಿತಿಯ ಜೀವವೈವಿಧ್ಯ ದಾಖಲಾತಿಗೆ ಸೇರಿಸಿ ಅಂತ ಪಿಡಿಒಗೆ. ಮೂರು ಕಡೆಯೂ ಸೀಲು ಹಾಕಿಸಿಕೊಂಡ ಪ್ರತಿ ನಿಮ್ಮ ರಿಜಿಸ್ಟರಿಗೆ ಅಂಟಿಸಿ, ಮುಂದಿನ ವರ್ಷದ ಅರ್ಜಿಯ ಜೊತೆ ಅದರ ಜೆರಾಕ್ಸ್ ಇಡಿ.